ಕಲೋನಿಯಲ್ ವಿಲಿಯಮ್ಸ್‌ಬರ್ಗ್ ನೋಡಲು ಹೊರಟಿದ್ದೀರಾ? ಪದೇ ಪದೇ ಕೇಳುವ ಪ್ರಶ್ನೆಗಳು

ವಾಷಿಂಗ್ಟನ್ ಸುತ್ತಮುತ್ತಲಿನ ಕನ್ನಡದ ಮನೆಗಳಲ್ಲಿ ಬೇಸಿಗೆ ಅಂದರೆ ಊರಿನಿಂದ ಅಪ್ಪ ಅಮ್ಮ ಬರುವ ಕಾಲ. ಬಂದವರನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಹೆಸರು ವಿಲಿಯಮ್ಸ್‌ಬರ್ಗ್. ಅಪ್ಪ ಅಮ್ಮನ ಜೊತೆ, ಅತ್ತೆ ಮಾವನ ಜೊತೆ, ಮಕ್ಕಳ ಜೊತೆ, ಒಂದೆರಡು ಸಲ ಒಬ್ಬಳೇ ಅಲ್ಲಿಗೆ ಹೋಗಿ ಬಂದಿದ್ದೇನೆ. ಹೊರಡುವ ಮುಂಚೆ ಎಲ್ಲರೂ ಕೇಳುವುದು ಹೆಚ್ಚು ಕಡಿಮೆ ಇವೇ ಪ್ರಶ್ನೆಗಳು. ಒಂದೇ ಕಡೆ ಬರೆದಿಟ್ಟಿದ್ದೇನೆ.

ಇದು ಮ್ಯೂಸಿಯಮ್ಮಾ, ಊರಾ?

ಎರಡೂ ಹೌದು. ವರ್ಜೀನಿಯಾ ರಾಜ್ಯದಲ್ಲಿ ವಿಲಿಯಮ್ಸ್‌ಬರ್ಗ್ ಅನ್ನುವ ಒಂದು ಸಣ್ಣ ಊರಿದೆ. 1699ರಿಂದ 1780ರವರೆಗೆ ಅದೇ ವರ್ಜೀನಿಯಾದ ರಾಜಧಾನಿ. ಆಮೇಲೆ ರಾಜಧಾನಿ ರಿಚ್ಮಂಡ್‌ಗೆ ಹೋಯಿತು, ಊರು ತಣ್ಣಗಾಯಿತು. ಆ ಹಳೆಯ ಊರಿನ ಸುಮಾರು 300 ಎಕರೆ ಜಾಗವೇ ಈಗ ಬಯಲು ಮ್ಯೂಸಿಯಂ. ಅದರಲ್ಲಿ ಕೋರ್ಟಿದೆ, ಜೈಲಿದೆ, ಚರ್ಚಿದೆ, ಅಡುಗೆಮನೆಗಳಿವೆ, ತರಕಾರಿ ತೋಟಗಳಿವೆ, ಕುರಿ ಕುದುರೆಗಳಿವೆ. 1770ರ ದಶಕದ ಬಟ್ಟೆ ತೊಟ್ಟ ಜನ ಅಲ್ಲಿ ದಿನವಿಡೀ ಕೆಲಸ ಮಾಡುತ್ತಾರೆ. ಕುಲುಮೆಯಲ್ಲಿ ಉರಿಯುವುದು ನಿಜವಾದ ಬೆಂಕಿ. ಅಲ್ಲಿ ಬಡಿದ ಮೊಳೆ, ಚಿಲಕಗಳನ್ನು ಅದೇ ಊರಿನ ಮನೆಗಳಿಗೆ ಹಾಕುತ್ತಾರೆ.

ನಡುವಿನ ದೊಡ್ಡ ಬೀದಿಯ ಹೆಸರು ಡ್ಯೂಕ್ ಆಫ್ ಗ್ಲಾಸ್ಟರ್ ಸ್ಟ್ರೀಟ್. ಉದ್ದ ಸುಮಾರು ಒಂದು ಮೈಲಿ. ಒಂದು ತುದಿಗೆ 1693ರಲ್ಲಿ ಶುರುವಾದ ವಿಲಿಯಂ ಆ್ಯಂಡ್ ಮೇರಿ ಕಾಲೇಜು, ಇನ್ನೊಂದು ತುದಿಗೆ ಕ್ಯಾಪಿಟಲ್, ಅಂದರೆ ಶಾಸನಸಭೆ. ಹಗಲು ಹೊತ್ತು ಈ ಬೀದಿಯಲ್ಲಿ ಕಾರು ಓಡಾಡುವುದಿಲ್ಲ.

ಒಂದು ವಿಷಯ ಗೊತ್ತಿರಲಿ. ಕೆಲವು ಮನೆಗಳಲ್ಲಿ ಇವತ್ತಿಗೂ ಜನ ಬಾಡಿಗೆಗೆ ವಾಸವಾಗಿದ್ದಾರೆ. ಬಾಗಿಲ ಹತ್ತಿರ ಮ್ಯೂಸಿಯಂನ ಬಾವುಟ ಕಂಡರೆ ಒಳಗೆ ಹೋಗಬಹುದು. ಬಾವುಟ ಇಲ್ಲದಿದ್ದರೆ ಯಾರದೋ ಮನೆ ಇರಬಹುದು, ಬಾಗಿಲು ತಳ್ಳಬೇಡಿ.

ಕಟ್ಟಡಗಳೆಲ್ಲ ನಿಜವಾಗಿ ಹಳೆಯವಾ, ಅಥವಾ ಸಿನಿಮಾ ಸೆಟ್ ಥರಾನಾ?

ಸೆಟ್ ಅಲ್ಲ. 80ಕ್ಕೂ ಹೆಚ್ಚು ಕಟ್ಟಡಗಳು ಹದಿನೆಂಟನೇ ಶತಮಾನದವು, ರಿಪೇರಿ ಮಾಡಿ ಉಳಿಸಿಕೊಂಡವು. ಉಳಿದವನ್ನು ಹಳೆಯ ಪಾಯ ಅಗೆದು, ದಾಖಲೆ ನೋಡಿ ಮತ್ತೆ ಕಟ್ಟಿದ್ದಾರೆ.

ಗವರ್ನರ್ ಅರಮನೆ ಹೀಗೆ ಮತ್ತೆ ಕಟ್ಟಿದ್ದು. ಮೂಲ ಅರಮನೆ 1781ರ ಡಿಸೆಂಬರಿನಲ್ಲಿ ಸುಟ್ಟುಹೋಯಿತು. ಆಗ ಅದು ಬ್ರಿಟಿಷರ ವಿರುದ್ಧ ನಡೆದ ಯಾರ್ಕ್‌ಟೌನ್ ಯುದ್ಧದಲ್ಲಿ ಗಾಯಗೊಂಡ ಸೈನಿಕರ ಆಸ್ಪತ್ರೆ. ತೋಟದಲ್ಲಿ ಅಗೆದಾಗ 156 ಸೈನಿಕರ ಸಮಾಧಿ ಸಿಕ್ಕಿತು. ಈಗ ಅಲ್ಲಿ ಹೂವಿನ ಪಾತಿಗಳ ಪಕ್ಕ ಒಂದು ಶಾಂತವಾದ ಮೂಲೆ ಇದೆ, ಐದು ನಿಮಿಷ ನಿಂತು ಬನ್ನಿ. ಮತ್ತೆ ಕಟ್ಟುವಾಗ ನೆರವಾದದ್ದು ಮುಖ್ಯವಾಗಿ ಎರಡು. ಅಲ್ಲೇ ಗವರ್ನರ್ ಆಗಿ ವಾಸವಿದ್ದ, ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್ ಕೈಯಾರೆ ಬರೆದ ಮನೆಯ ನಕ್ಷೆ ಒಂದು. 1929ರಲ್ಲಿ ಆಕ್ಸ್‌ಫರ್ಡಿನ ಬೋಡ್ಲಿಯನ್ ಲೈಬ್ರರಿಯಲ್ಲಿ ಸಿಕ್ಕ ತಾಮ್ರದ ತಗಡು ಇನ್ನೊಂದು. ಆ ತಗಡಿನ ಮೇಲೆ ಅರಮನೆ, ಕ್ಯಾಪಿಟಲ್, ಕಾಲೇಜು ಮೂರರ ಚಿತ್ರವನ್ನೂ ಕೊರೆದಿದ್ದರು. ಸಮುದ್ರದ ಆಚೆ ಲೈಬ್ರರಿಯಲ್ಲಿ ಬಿದ್ದಿದ್ದ ಒಂದು ತಗಡು ಇಡೀ ಕಟ್ಟಡದ ಮುಖವನ್ನೇ ವಾಪಸ್ ಕೊಟ್ಟಿತು. ನನಗೆ ಇದು ಬಹಳ ಇಷ್ಟದ ಕಥೆ.

ಕ್ಯಾಪಿಟಲ್ ವಿಷಯದಲ್ಲಿ ಸ್ವಲ್ಪ ಗೊಂದಲ ಆಗುತ್ತದೆ. ಮೊದಲ ಕ್ಯಾಪಿಟಲ್ 1747ರಲ್ಲಿ ಸುಟ್ಟಿತು. ಅದೇ ಜಾಗದಲ್ಲಿ ಎರಡನೆಯದು ಎದ್ದಿತು. 1776ರ ಮೇ 15ರಂದು ವರ್ಜೀನಿಯಾದವರು ಸ್ವಾತಂತ್ರ್ಯದ ನಿರ್ಣಯ ಮಾಡಿದ್ದು ಆ ಎರಡನೆಯದರಲ್ಲಿ. ಈಗ ನಾವು ನೋಡುವುದು ಮೊದಲನೆಯದರ ಮಾದರಿ, ಯಾಕೆಂದರೆ ದಾಖಲೆ ಜಾಸ್ತಿ ಸಿಕ್ಕಿದ್ದು ಅದಕ್ಕೇ. ಹಾಗಾಗಿ ಪ್ರತಿ ಕಟ್ಟಡದಲ್ಲೂ ‘ಇದು ಮೂಲದ್ದಾ, ಮತ್ತೆ ಕಟ್ಟಿದ್ದಾ?’ ಅಂತ ಕೇಳಿ. ಮುಚ್ಚುಮರೆ ಇಲ್ಲದೆ ಹೇಳುತ್ತಾರೆ.

ಇದನ್ನೆಲ್ಲ ಮಾಡಿದ್ದು ಯಾರು?

ಬ್ರೂಟನ್ ಪ್ಯಾರಿಶ್ ಚರ್ಚಿನ ಪಾದ್ರಿ ಡಬ್ಲ್ಯೂ. ಎ. ಆರ್. ಗುಡ್‌ವಿನ್ ಕನಸು ಕಂಡರು. ಎಣ್ಣೆ ಕುಬೇರರ ಮಗ ಜಾನ್ ಡಿ. ರಾಕ್‌ಫೆಲ್ಲರ್ ಜೂನಿಯರ್ ದುಡ್ಡು ಹಾಕಿದರು. 1926ರಲ್ಲಿ ಮೊದಲ ಮನೆ ಕೊಂಡಾಗ ರಾಕ್‌ಫೆಲ್ಲರ್ ಒಪ್ಪಿಗೆಯ ತಂತಿ ಕಳಿಸಿದರು. ಸಹಿ ಮಾತ್ರ ‘ಡೇವಿಡ್‌ನ ತಂದೆ’ ಅಂತ. ಹೆಸರು ಗೊತ್ತಾದರೆ ಬೆಲೆ ಏರುತ್ತದಲ್ಲ, ಅದಕ್ಕೆ. ಮನೆ ಮಾರಿದವರಿಗೆ ಕೊಂಡವರು ಯಾರು ಅಂತ ತಿಳಿದದ್ದು 1928ರಲ್ಲಿ.

ಹಳೆಯದನ್ನು ಹೊರತೆಗೆಯಲು ನೂರಾರು ಹೊಸ ಕಟ್ಟಡಗಳನ್ನು ಕೆಡವಿದರು. ಎಷ್ಟೋ ಕಪ್ಪು ಜನರ ಕುಟುಂಬಗಳು ತಲೆಮಾರುಗಳಿಂದ ಇದ್ದ ಬೀದಿ ಬಿಟ್ಟು ಹೋಗಬೇಕಾಯಿತು. ಅದರ ಮಾತು ಕೆಳಗೆ ಬರುತ್ತದೆ.

ಟಿಕೆಟ್ ಬೇಕೇ ಬೇಕಾ?

ಬೀದಿಯಲ್ಲಿ ನಡೆಯಲು ಬೇಡ. ಬೀದಿ, ಅಂಗಡಿಗಳು, ಮೆರವಣಿಗೆ ಎಲ್ಲ ಉಚಿತ. ಅರಮನೆ, ಕ್ಯಾಪಿಟಲ್, ದೊಡ್ಡ ಮನೆಗಳು, ಕಸುಬಿನ ಮನೆಗಳ ಒಳಗೆ ಹೋಗಲು ಟಿಕೆಟ್ ಬೇಕು. ದರ ಆಗಾಗ ಬದಲಾಗುತ್ತದೆ, ಅವರ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ.

ನನ್ನ ಅಭಿಪ್ರಾಯ ಕೇಳಿದರೆ, ಟಿಕೆಟ್ ತಗೊಳ್ಳಿ. ತುಂಬಾ ಜನ ದುಡ್ಡು ಉಳಿಸಲು ಬೀದಿಯಲ್ಲೇ ಅಡ್ಡಾಡಿ, ಅರಮನೆ ಮುಂದೆ ಫೋಟೊ ತೆಗೆದು ವಾಪಸ್ ಬರುತ್ತಾರೆ. ಆಮೇಲೆ ‘ಅಲ್ಲೇನಿದೆ, ಬರೀ ಹಳೇ ಮನೆಗಳು’ ಅನ್ನುತ್ತಾರೆ. ಆ ಊರಿನ ಜೀವ ಇರುವುದು ಒಳಗೆ ಕೆಲಸ ಮಾಡುವವರ ಕೈಯಲ್ಲಿ. ಅದನ್ನು ನೋಡದೆ ಬಂದರೆ ಸುಮ್ನೆ ಪೆಟ್ರೋಲ್ ಸುಟ್ಟ ಹಾಗೆ.

ಹೋಗುವುದು ಹೇಗೆ? ಎಷ್ಟು ದಿನ ಬೇಕು?

ವಾಷಿಂಗ್ಟನ್‌ನಿಂದ ಸುಮಾರು 150 ಮೈಲಿ. ರಸ್ತೆ ಖಾಲಿ ಇದ್ದರೆ ಮೂರು ಗಂಟೆಯೊಳಗೆ ಸೇರಬಹುದು. ಶುಕ್ರವಾರ ಸಂಜೆ ಹೊರಟರೆ 95ರ ಹೆದ್ದಾರಿಯಲ್ಲಿ ಐದು ಗಂಟೆ ಆದರೂ ಆಶ್ಚರ್ಯವಿಲ್ಲ. ಬೆಳಗ್ಗೆ ಆರಕ್ಕೇ ಹೊರಡಿ. ಆ್ಯಮ್‌ಟ್ರ್ಯಾಕ್ ರೈಲೂ ಹೋಗುತ್ತದೆ. ಸ್ಟೇಷನ್‌ನಿಂದ ಹಳೇ ಊರು ನಡೆದು ಹೋಗುವಷ್ಟು ಹತ್ತಿರ. ನನ್ನ ಮಾವನಿಗೆ ಇಡೀ ಪ್ರವಾಸದಲ್ಲಿ ರೈಲೇ ಹೆಚ್ಚು ಇಷ್ಟವಾಯಿತು.

ಕಾರಿನಲ್ಲಿ ಹೋದರೆ ವಿಸಿಟರ್ ಸೆಂಟರಿನಲ್ಲಿ ನಿಲ್ಲಿಸಿ. ಅಲ್ಲಿಂದ ಬಸ್ ಇದೆ, ನಡೆಯುವ ದಾರಿಯೂ ಇದೆ.

ಒಂದು ದಿನದಲ್ಲಿ ಓಡೋಡಿ ನೋಡಬಹುದು. ಎರಡು ದಿನ ಇಟ್ಟುಕೊಂಡರೆ ಹಿತ. ಹೆಚ್ಚಿನ ಮನೆಗಳು ಬೆಳಗ್ಗೆ 9ಕ್ಕೆ ತೆರೆದು ಸಂಜೆ 5ಕ್ಕೆ ಮುಚ್ಚುತ್ತವೆ. ಎಲ್ಲ ಕಸುಬಿನ ಮನೆಗಳೂ ಎಲ್ಲ ದಿನ ತೆರೆದಿರುವುದಿಲ್ಲ, ಅವತ್ತಿನ ಪಟ್ಟಿ ಮೊದಲೇ ನೋಡಿ.

ಯಾವ ತಿಂಗಳು ಒಳ್ಳೆಯದು?

ಏಪ್ರಿಲ್, ಮೇ, ಅಕ್ಟೋಬರ್. ಜುಲೈ ಆಗಸ್ಟ್‌ನಲ್ಲಿ ಮಂಗಳೂರಿನ ಮೇ ತಿಂಗಳ ಥರದ ಸೆಕೆ, ಮೈಯೆಲ್ಲ ಅಂಟು ಅಂಟು. ನಾವು ಮೊದಲ ಸಲ ಹೋದದ್ದೇ ಜುಲೈನಲ್ಲಿ. ನಾಲ್ಕು ಜನಕ್ಕೆ ಒಂದೇ ಬಾಟಲಿ ನೀರು. ಮಧ್ಯಾಹ್ನ ಒಂದು ಗಂಟೆಗೆ ಅಮ್ಮನಿಗೆ ತಲೆ ಸುತ್ತು ಬಂತು. ಕೋರ್ಟಿನ ಮೆಟ್ಟಿಲ ಮೇಲೆ ಕೂರಿಸಿ ಗಾಳಿ ಹಾಕಿದೆವು. ಪುಣ್ಯಕ್ಕೆ ಬೇಗ ಸುಧಾರಿಸಿಕೊಂಡರು. ಬೇಸಿಗೆಯಲ್ಲೇ ಹೋಗುವುದು ಅನಿವಾರ್ಯವಾದರೆ ಬೆಳಗ್ಗೆ 9ರಿಂದ 12ರವರೆಗೆ ಓಡಾಡಿ. ಮಧ್ಯಾಹ್ನ ಅಲ್ಲಿನ ಕಲಾ ಮ್ಯೂಸಿಯಂನ ಏಸಿಯಲ್ಲಿ ಕಳೆಯಿರಿ. ಛತ್ರಿ ಮರೆಯಬೇಡಿ, ಸಂಜೆ ಗುಡುಗು ಮಳೆ ಸಾಮಾನ್ಯ.

ಡಿಸೆಂಬರಿನಲ್ಲಿ ಬಾಗಿಲುಗಳಿಗೆ ಸೇಬು, ಕಿತ್ತಳೆ, ಅನಾನಸ್ ಸೇರಿಸಿ ಕಟ್ಟಿದ ಹಸಿರು ತೋರಣ ಹಾಕುತ್ತಾರೆ. ನೋಡಲು ಚೆಂದ, ಜನ ಜಾಸ್ತಿ.

ವೇಷ ಹಾಕಿದವರ ಜೊತೆ ಮಾತಾಡುವುದು ಹೇಗೆ? ನಾಟಕದ ಮಧ್ಯೆ ಮಾತಾಡಿಸಿದ ಹಾಗೆ ಆಗಲ್ವಾ?

ಎರಡು ಥರದವರಿದ್ದಾರೆ. ಕೆಲವರು ಒಬ್ಬ ನಿಜವಾದ ವ್ಯಕ್ತಿಯ ಪಾತ್ರದಲ್ಲೇ ಇರುತ್ತಾರೆ. ಜೆಫರ್ಸನ್, ಸ್ವಾತಂತ್ರ್ಯ ಹೋರಾಟದ ಭಾಷಣಕಾರ ಪ್ಯಾಟ್ರಿಕ್ ಹೆನ್ರಿ, ಗುಲಾಮನಾಗಿದ್ದುಕೊಂಡೇ ಧರ್ಮೋಪದೇಶ ಮಾಡಿದ ಗೋವನ್ ಪ್ಯಾಂಫ್ಲೆಟ್, ಹೀಗೆ. ಅವರಿಗೆ ಫೋನು, ವಿಮಾನ ಏನೂ ಗೊತ್ತಿಲ್ಲ. ಅವರ ಕಾಲದ ಪ್ರಶ್ನೆ ಕೇಳಿದರೆ ಮಾತು ಚೆನ್ನಾಗಿ ಬೆಳೆಯುತ್ತದೆ. ‘ಚಹಾದ ಮೇಲಿನ ತೆರಿಗೆ ಬಗ್ಗೆ ಏನಂತೀರಿ?’ ಅನ್ನಿ ಸಾಕು.

ಇನ್ನು ಕಸುಬಿನ ಮನೆಯವರು. ಬಟ್ಟೆ ಹಳೆಯದು, ಮಾತು ಇವತ್ತಿನದು. ಅವರಿಗೆ ಏನು ಬೇಕಾದರೂ ಕೇಳಬಹುದು. ಕಸುಬು ಕಲಿಯಲು ಅವರು ವರ್ಷಗಟ್ಟಲೆ ಶಿಷ್ಯವೃತ್ತಿ ಮಾಡಿದವರು. ಎಷ್ಟೋ ಕಸುಬಿಗೆ ಐದಾರು ವರ್ಷಕ್ಕೂ ಜಾಸ್ತಿ ಹಿಡಿಯುತ್ತದೆ. ಕೇಳುವವರು ಸಿಕ್ಕರೆ ಅವರ ಮುಖ ಅರಳುತ್ತದೆ. ಸಂಕೋಚ ಬೇಡ.

ಯಾವ ಕಸುಬಿನ ಮನೆಗಳನ್ನು ಬಿಡಬಾರದು?

ಕುಲುಮೆ. ಜೇಮ್ಸ್ ಆ್ಯಂಡರ್ಸನ್ ಅನ್ನುವ ಕಮ್ಮಾರನ ಕುಲುಮೆ ಇದ್ದ ಜಾಗದಲ್ಲೇ ಮತ್ತೆ ಕಟ್ಟಿದ್ದಾರೆ. ಕ್ರಾಂತಿಯ ಕಾಲದಲ್ಲಿ ಇಲ್ಲೇ ಸೈನ್ಯಕ್ಕೆ ಬಂದೂಕು ರಿಪೇರಿ ನಡೆಯುತ್ತಿತ್ತು. ಒಬ್ಬರು ತಿದಿ ಒತ್ತುತ್ತಾರೆ, ಕಬ್ಬಿಣ ಕೆಂಪಾಗುತ್ತದೆ, ಅಡೆಗಲ್ಲಿನ ಮೇಲಿಟ್ಟು ಬಡಿಯುತ್ತಾರೆ. ಒಂದು ಮೊಳೆ ಹುಟ್ಟುವುದನ್ನು ಕಣ್ಣಾರೆ ನೋಡಿದ ಮೇಲೆ ಮನೆಯ ಗೋಡೆಯ ಮೊಳೆಯನ್ನು ನೋಡುವ ರೀತಿ ಬದಲಾಗುತ್ತದೆ.

ಅಚ್ಚುಕೂಟ. ‘ವರ್ಜೀನಿಯಾ ಗೆಜೆಟ್’ ಅನ್ನುವ ಪತ್ರಿಕೆ ಇಲ್ಲಿ 1736ರಲ್ಲಿ ಶುರುವಾಯಿತು. ಕ್ಲೆಮೆಂಟೀನಾ ರಿಂಡ್ ಅನ್ನುವ ಹೆಂಗಸು, ಗಂಡ ತೀರಿಕೊಂಡ ಮೇಲೆ 1773ರಲ್ಲಿ ಒಂದು ಗೆಜೆಟ್ ಅನ್ನು ತಾನೇ ನಡೆಸಿದಳು. ಅಚ್ಚುಮೊಳೆಗಳನ್ನು ಒಂದೊಂದಾಗಿ, ತಿರುಗುಮುರುಗಾಗಿ ಜೋಡಿಸುತ್ತಾರೆ. ಚರ್ಮದ ಉಂಡೆಯಿಂದ ಮಸಿ ಬಡಿಯುತ್ತಾರೆ. ಹಿಡಿಕೆ ಎಳೆದಾಗ ಆ ಮರದ ಯಂತ್ರ ನರಳುವ ಸದ್ದು ಕಿವಿಯಲ್ಲಿ ಉಳಿಯುತ್ತದೆ. ನಮ್ಮ ಊರುಗಳಲ್ಲಿ ಮದುವೆ ಪತ್ರಿಕೆ ಅಚ್ಚು ಹಾಕುತ್ತಿದ್ದ ಸಣ್ಣ ಪ್ರೆಸ್ಸುಗಳನ್ನು ನೋಡಿದವರಿಗೆ ಇದು ಹತ್ತಿರದ ಲೋಕ.

ಗಾಲಿ ಮಾಡುವವರು, ಪೀಪಾಯಿ ಮಾಡುವವರು, ಬಡಗಿಗಳು, ವಿಗ್ ಮಾಡುವವರು, ಬೆಳ್ಳಿ ಕೆಲಸದವರು, ಔಷಧಿ ಅಂಗಡಿ. ಎಲ್ಲವನ್ನೂ ಒಂದೇ ದಿನ ನೋಡಲು ಹೋಗಬೇಡಿ. ನಾಲ್ಕು ಆರಿಸಿಕೊಂಡು ಒಂದೊಂದರಲ್ಲಿ ಅರ್ಧ ಗಂಟೆ ನಿಲ್ಲಿ. ಮೊದಲ ಹತ್ತು ನಿಮಿಷ ಎಲ್ಲರಿಗೂ ಹೇಳುವ ಮಾತು ಹೇಳುತ್ತಾರೆ. ಗುಂಪು ಕರಗಿದ ಮೇಲೂ ನೀವು ಅಲ್ಲೇ ಇದ್ದರೆ ಆಗ ಬೇರೆಯೇ ಮಾತು ಶುರುವಾಗುತ್ತದೆ.

ಅಪ್ಪ ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ. ಬೋರ್ ಆಗಲ್ವಾ?

ನನಗೂ ಇದೇ ಹೆದರಿಕೆ ಇತ್ತು. ಆದದ್ದೇ ಬೇರೆ.

ನಮ್ಮ ಅಪ್ಪ ಹುಟ್ಟಿ ಬೆಳೆದದ್ದು ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ. ಅರಮನೆಯಲ್ಲಿ ಗೋಡೆಗೆ ಜೋಡಿಸಿದ ಕತ್ತಿ ಬಂದೂಕು ನೋಡಿ ‘ಮೈಸೂರು ಅರಮನೆ ಮುಂದೆ ಇದೇನೂ ಅಲ್ಲ’ ಅಂದರು. ನಿಜವೇ. ಗಾಲಿ ಮಾಡುವವರ ಮನೆಗೆ ಬಂದಾಗ ಮಾತ್ರ ನಿಂತುಬಿಟ್ಟರು. ಅಲ್ಲಿದ್ದ ಹುಡುಗ ಮರದ ಗುಂಬಕ್ಕೆ ಅರೆಕಾಲು ಕೂರಿಸುತ್ತಿದ್ದ. ಅಪ್ಪ ಕನ್ನಡದಲ್ಲೇ ‘ಹಳಿ ಹೆಂಗೆ ಹಾಕ್ತಾರೆ ಕೇಳು’ ಅಂದರು. ನನಗೆ ಹಳಿ ಅಂದರೆ ರೈಲಿನ ಹಳಿ ಮಾತ್ರ ಗೊತ್ತು. ಅಪ್ಪನೇ ವಿವರಿಸಿದರು. ಕಬ್ಬಿಣದ ಬಳೆಯನ್ನು ಬೆಂಕಿಯಲ್ಲಿ ಕಾಯಿಸಿ ಹಿಗ್ಗಿಸುವುದು, ಇಕ್ಕಳದಲ್ಲಿ ಹಿಡಿದು ಗಾಲಿಯ ಮೇಲೆ ಕೂರಿಸುವುದು, ತಕ್ಷಣ ನೀರು ಹೊಯ್ಯುವುದು. ಬಳೆ ಕುಗ್ಗಿ ಮರವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಆ ಹುಡುಗ ಉಳಿ ಕೆಳಗಿಟ್ಟ. ‘ನಿಮ್ಮಲ್ಲಿ ಬೆಂಕಿಗೆ ಏನು ಹಾಕುತ್ತಿದ್ದರು?’ ಅಂತ ಕೇಳಿದ. ‘ಬೆರಣಿ’ ಅಂದರು ಅಪ್ಪ. ಸುತ್ತಲೂ ಬೆರಣಿ ಜೋಡಿಸಿದರೆ ಶಾಖ ಎಲ್ಲ ಕಡೆ ಒಂದೇ ಸಮ ಬರುತ್ತದೆ ಅಂತ ಕೈಯಲ್ಲೇ ತೋರಿಸಿದರು. ಮುಕ್ಕಾಲು ಗಂಟೆ ಆ ಇಬ್ಬರೂ ಬಿಡಲಿಲ್ಲ. ಅಮೆರಿಕಾಕ್ಕೆ ಬಂದ ಎರಡು ತಿಂಗಳಲ್ಲಿ ಅಪ್ಪ ಯಾರಿಗೋ ಏನನ್ನೋ ಕಲಿಸಿದ್ದು ಅದೇ ಮೊದಲು.

ಅಮ್ಮನ ತವರು ಚಳ್ಳಕೆರೆ ಕಡೆ, ಕಂಬಳಿಯ ಸೀಮೆ. ಉಣ್ಣೆ ನೂಲುವವರ ಹತ್ತಿರ ಅವರಿಗೆ ಭಾಷೆಯೇ ಬೇಕಾಗಲಿಲ್ಲ. ಉಣ್ಣೆಯನ್ನು ಬೆರಳಲ್ಲಿ ತಿಕ್ಕಿ ನೋಡಿ, ‘ನಮ್ಮ ಕುರಿಗಿಂತ ಉದ್ದ ಎಳೆ’ ಅಂದರು. ಅದು ನಿಜವೇ. ಅಲ್ಲಿ ಸಾಕುವುದು ಲೆಸ್ಟರ್ ಲಾಂಗ್‌ವುಲ್ ಅನ್ನುವ ಅಪರೂಪದ ತಳಿ, ಉದ್ದ ಉಣ್ಣೆಗೇ ಹೆಸರು. ರಾಟೆ, ಕದಿರು, ಹಂಜಿ, ಲಾಳಿ ಅಂತ ಅಮ್ಮ ಒಂದೊಂದಾಗಿ ಹೆಸರು ಹೇಳುತ್ತಾ ಹೋದರು. ನನ್ನ ಮಗ ಅವನ್ನು ಫೋನಿನಲ್ಲಿ ಬರೆದುಕೊಂಡ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಅವರನ್ನು ಬೇಗ ಬೇಗ ಎಳೆದುಕೊಂಡು ಹೋಗಬೇಡಿ. ಅವರು ನಿಂತ ಕಡೆ ನೀವೂ ನಿಲ್ಲಿ. ನಡುವೆ ಕೂತು ಮಾತು ದಾಟಿಸಿ. ಈ ಊರಿನಲ್ಲಿ ನೋಡುವ ಎಷ್ಟೋ ಕೆಲಸಗಳನ್ನು ಅಮೆರಿಕನ್ನರು ಪುಸ್ತಕ ನೋಡಿ ಮತ್ತೆ ಕಲಿತಿದ್ದಾರೆ. ನಮ್ಮ ಅಪ್ಪ ಅಮ್ಮಂದಿರು ಅವನ್ನು ಚಿಕ್ಕಂದಿನಲ್ಲಿ ಕಣ್ಣಾರೆ ಕಂಡಿದ್ದಾರೆ.

ಗುಲಾಮಗಿರಿಯ ವಿಷಯ ಅಲ್ಲಿ ಬರುತ್ತದಾ? ಮಕ್ಕಳಿಗೆ ತೋರಿಸಬಹುದಾ?

ಬರುತ್ತದೆ. ತೋರಿಸಲೇಬೇಕು.

1775ರ ಹೊತ್ತಿಗೆ ಆ ಊರಿನಲ್ಲಿ ಇದ್ದವರು ಎರಡು ಸಾವಿರಕ್ಕೂ ಕಡಿಮೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಕಪ್ಪು ಜನ, ಬಹುತೇಕ ಎಲ್ಲರೂ ಗುಲಾಮರು. ಅರಮನೆಯಲ್ಲಿ ಅಡುಗೆ ಮಾಡಿದ್ದು, ಕುಲುಮೆಯಲ್ಲಿ ಸುತ್ತಿಗೆ ಹಿಡಿದದ್ದು, ಬಟ್ಟೆ ಒಗೆದದ್ದು, ಮಕ್ಕಳನ್ನು ಎತ್ತಿ ಆಡಿಸಿದ್ದು ಅವರು. ಎಲ್ಲರೂ ಸಮಾನರಾಗಿ ಹುಟ್ಟಿದ್ದಾರೆ ಅಂತ ಬರೆದ ಜೆಫರ್ಸನ್ ಬದುಕಿನುದ್ದಕ್ಕೂ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ. ಪಾತ್ರದಲ್ಲಿರುವ ಜೆಫರ್ಸನ್‌ಗೆ ಈ ಪ್ರಶ್ನೆ ಕೇಳಬಹುದು. ಒಮ್ಮೆ ಹತ್ತು ವರ್ಷದ ಹುಡುಗಿಯೊಬ್ಬಳು ಕೇಳಿದ್ದನ್ನು ನಾನು ನೋಡಿದೆ. ಬಯಲಿನಲ್ಲಿದ್ದ ಅಷ್ಟೂ ಜನ ಸದ್ದಿಲ್ಲದೆ ಉತ್ತರಕ್ಕೆ ಕಾದರು.

ಪೇಟನ್ ರಾಂಡಾಲ್ಫ್ ಮನೆಗೆ ತಪ್ಪದೆ ಹೋಗಿ. ಕಾಂಟಿನೆಂಟಲ್ ಕಾಂಗ್ರೆಸ್, ಅಂದರೆ ಅಮೆರಿಕದ ವಸಾಹತುಗಳ ಪ್ರತಿನಿಧಿಗಳ ಸಭೆ. ಅದರ ಮೊದಲ ಅಧ್ಯಕ್ಷನ ಮನೆ ಅದು. ಆ ಹಿತ್ತಲಿನಲ್ಲಿ 27 ಗುಲಾಮರು ಇದ್ದರು. ಬ್ರಿಟಿಷ್ ಗವರ್ನರ್ ಡನ್‌ಮೋರ್ 1775ರ ನವೆಂಬರಿನಲ್ಲಿ ಒಂದು ಘೋಷಣೆ ಹೊರಡಿಸಿದ. ಬಂಡಾಯಗಾರರ ಗುಲಾಮರು ತನ್ನ ಸೈನ್ಯ ಸೇರಿದರೆ ಬಿಡುಗಡೆ ಅಂತ. ಆಮೇಲೆ ಈ ಮನೆಯಿಂದಲೂ ಕೆಲವರು ಬ್ರಿಟಿಷರ ಕಡೆ ಓಡಿದರು. ಅವರಲ್ಲಿ ಈವ್ ಅನ್ನುವ ಹೆಂಗಸೂ ಒಬ್ಬಳು. ಅವಳು ಮತ್ತೆ ಕೈಗೆ ಸಿಕ್ಕಳು. ಮನೆಯೊಡತಿ ಬೆಟ್ಟಿ ರಾಂಡಾಲ್ಫ್ ಕೊನೆಗೆ ಅವಳನ್ನು ಮಾರಿದಳು. ಬಿಡುಗಡೆ ಅನ್ನುವ ಮಾತು ಯಾರ ಬಾಯಿಂದ ಬಂದರೆ ಯಾರಿಗೆ ಏನು ಅರ್ಥ ಅನ್ನುವುದು ಆ ಅಡುಗೆಮನೆಯಲ್ಲಿ ನಿಂತರೆ ಅರಿವಾಗುತ್ತದೆ.

ಬ್ರೇ ಸ್ಕೂಲ್ ಕಟ್ಟಡವನ್ನೂ ಹುಡುಕಿ ನೋಡಿ. 1760ರಿಂದ 1774ರವರೆಗೆ ಕಪ್ಪು ಮಕ್ಕಳಿಗೆ ನಡೆದ ಶಾಲೆ ಅದು, ಆ್ಯನ್ ವೇಜರ್ ಅದರ ಮೇಷ್ಟರಮ್ಮ. ಗುಲಾಮಗಿರಿಯನ್ನು ಒಪ್ಪಿಕೊಂಡು ಇರಲಿ ಅಂತ ಬೈಬಲ್ ಕಲಿಸಿದರು. ಅಕ್ಷರ ಕಲಿತ ಮೇಲೆ ಮಕ್ಕಳು ಏನು ಓದುತ್ತಾರೆ ಅನ್ನುವುದು ಯಾರ ಕೈಯಲ್ಲೂ ಇರಲಿಲ್ಲ. ಆ ಮನೆ ಕಾಲೇಜಿನ ಕಟ್ಟಡವಾಗಿ ಗುರುತೇ ಇಲ್ಲದೆ ನಿಂತಿತ್ತು. 2023ರಲ್ಲಿ ಇಡೀ ಕಟ್ಟಡವನ್ನು ಲಾರಿಯ ಮೇಲೆ ಏರಿಸಿ ಹಳೇ ಊರಿಗೆ ತಂದರು.

ಮ್ಯೂಸಿಯಂ ಮೊದಲಿನಿಂದಲೂ ಇದನ್ನೆಲ್ಲ ಹೇಳುತ್ತಿರಲಿಲ್ಲ. ದಶಕಗಳ ಕಾಲ ಬಿಳಿಯ ಶ್ರೀಮಂತರ ಕಥೆಯೇ ನಡೆಯಿತು. 1776ರಲ್ಲಿ ಶುರುವಾದ ಕಪ್ಪು ಜನರ ಫಸ್ಟ್ ಬ್ಯಾಪ್ಟಿಸ್ಟ್ ಚರ್ಚಿನ ಹಳೆಯ ಕಟ್ಟಡವನ್ನು 1950ರ ದಶಕದಲ್ಲಿ ಮ್ಯೂಸಿಯಂ ಕೊಂಡು ಕೆಡವಿತು. ಆ ಜಾಗ ಕಾರು ನಿಲ್ಲಿಸುವ ತಾಣವಾಯಿತು. 2020ರಿಂದ ಅಲ್ಲಿ ಅಗೆತ ನಡೆದು, ಚರ್ಚಿನ ಪಾಯವೂ ಹತ್ತಾರು ಸಮಾಧಿಗಳೂ ಸಿಕ್ಕವು. 1994ರಲ್ಲಿ ಗುಲಾಮರ ಹರಾಜನ್ನು ಅಭಿನಯಿಸಿ ತೋರಿಸಿದಾಗ ದೊಡ್ಡ ಪ್ರತಿಭಟನೆ ಆಯಿತು. ನೋವನ್ನು ತಮಾಷೆ ಮಾಡುತ್ತೀರಿ ಅಂದರು ಕೆಲವರು. ಮುಚ್ಚಿಡುವುದೇ ದೊಡ್ಡ ತಪ್ಪು ಅಂದರು ಅದನ್ನು ರೂಪಿಸಿದ ಕಪ್ಪು ಕಲಾವಿದರು. ನನ್ನ ಮನಸ್ಸು ಎರಡನೆಯವರ ಕಡೆಗೆ.

ಆರೇಳು ವರ್ಷದ ಮಕ್ಕಳಿಗೆ ಮೊದಲೇ ಮನೆಯಲ್ಲಿ ಎರಡು ಮಾತು ಹೇಳಿ ಕರೆದುಕೊಂಡು ಹೋಗಿ. ಮಕ್ಕಳು ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾರೆ.

ಮಕ್ಕಳಿಗೆ ಇಷ್ಟವಾಗುವುದು ಏನು?

ಇಟ್ಟಿಗೆ ಮಾಡುವ ಜಾಗ. ಬೇಸಿಗೆಯಲ್ಲಿ ಗುಂಡಿಗೆ ಇಳಿದು ಬರಿಗಾಲಲ್ಲಿ ಮಣ್ಣು ತುಳಿಯಲು ಬಿಡುತ್ತಾರೆ. ಆ ಮಣ್ಣಿನಿಂದಲೇ ಇಟ್ಟಿಗೆ ಕೊಯ್ದು, ಒಣಗಿಸಿ, ಚಳಿಗಾಲದ ಮುಂಚೆ ಸುಡುತ್ತಾರೆ. ಇನ್ನೊಂದು ಜೊತೆ ಬಟ್ಟೆ ಇಟ್ಟುಕೊಳ್ಳಿ. ಜೈಲೂ ಮಕ್ಕಳಿಗೆ ಇಷ್ಟ. ಬ್ಲ್ಯಾಕ್‌ಬಿಯರ್ಡ್ ಅನ್ನುವ ಕಡಲುಗಳ್ಳನ ಸಂಗಡಿಗರನ್ನು ಕೂಡಿಹಾಕಿದ್ದು ಅಲ್ಲೇ. ಕೊಳಲು ನಗಾರಿ ಮೇಳದಲ್ಲಿ 10ರಿಂದ 18 ವರ್ಷದ ಮಕ್ಕಳೇ ಇರುತ್ತಾರೆ. ಈ ಮೇಳ 1958ರಿಂದ ನಡೆಯುತ್ತಿದೆ. ತೋಪು ಬಂದೂಕು ಹಾರಿಸುವಾಗ ಸದ್ದು ಜೋರು, ಸಣ್ಣ ಮಕ್ಕಳ ಕಿವಿ ಮುಚ್ಚಿ.

ಅಮ್ಮನಿಗೆ ಮಂಡಿ ನೋವು. ನಡೆಯೋಕೆ ಆಗುತ್ತಾ?

ನೆಲ ಮಟ್ಟಸವಾಗಿದೆ, ಏರು ಇಲ್ಲ. ಕಾಲುದಾರಿಯ ಇಟ್ಟಿಗೆ ಮಾತ್ರ ಅಲ್ಲಲ್ಲಿ ಏರುಪೇರು. ಸೀರೆ ಉಟ್ಟರೂ ಕಾಲಿಗೆ ಶೂ ಇರಲಿ. ಟಿಕೆಟ್ ಇದ್ದವರಿಗೆ ಊರಿನ ಸುತ್ತ ಓಡುವ ಬಸ್ ಇದೆ, ಅದರಲ್ಲಿ ಕೂತು ತುದಿಯಿಂದ ತುದಿಗೆ ಹೋಗಬಹುದು. ಹಳೇ ಮನೆಗಳಿಗೆ ಮೆಟ್ಟಿಲು ಜಾಸ್ತಿ, ಎಲ್ಲಕ್ಕೂ ವೀಲ್‌ಚೇರ್ ಹೋಗುವುದಿಲ್ಲ. ಯಾವ ಮನೆಗೆ ಹೋಗುತ್ತದೆ ಅಂತ ವಿಸಿಟರ್ ಸೆಂಟರಿನಲ್ಲಿ ಕೇಳಿಕೊಂಡು ಹೊರಡಿ. ಕುದುರೆ ಗಾಡಿಗೆ ಬೇರೆ ಟಿಕೆಟ್.

ಸಸ್ಯಾಹಾರಿಗಳಿಗೆ ಊಟ?

ಹಳೇ ಕಾಲದ ಟ್ಯಾವರ್ನ್‌ಗಳಲ್ಲಿ ಮಾಂಸ ಮೀನೇ ಹೆಚ್ಚು. ಕಿಂಗ್ಸ್ ಆರ್ಮ್ಸ್‌ನಲ್ಲಿ ಕಡಲೆಕಾಯಿ ಸೂಪ್ ಹೆಸರುವಾಸಿ. ನಮ್ಮವರು ಹೆಸರು ಕೇಳಿಯೇ ಖುಷಿಪಡುತ್ತಾರೆ. ಇಂಥ ಸೂಪಿಗೆ ಕೋಳಿ ಬೇಯಿಸಿದ ನೀರು ಹಾಕುವುದು ವಾಡಿಕೆ, ಕೇಳಿಯೇ ತಗೊಳ್ಳಿ. ರ‍್ಯಾಲಿ ಟ್ಯಾವರ್ನ್ ಬೇಕರಿಯ ಶುಂಠಿ ಬಿಸ್ಕೆಟ್ ಪ್ರಸಿದ್ಧ. ಪಕ್ಕದ ಮರ್ಚಂಟ್ಸ್ ಸ್ಕ್ವೇರ್‌ನಲ್ಲಿ ಇವತ್ತಿನ ಹೋಟೆಲುಗಳಿವೆ. ನಾವಂತೂ ಬುತ್ತಿ ಕಟ್ಟುತ್ತೇವೆ. ಚಪಾತಿ, ಚಟ್ನಿಪುಡಿ, ಡಬ್ಬಿಯಲ್ಲಿ ಮೊಸರನ್ನ. ಮರದ ನೆರಳಿನಲ್ಲಿ ಕೂತು ಉಣ್ಣಲು ಜಾಗ ಬೇಕಾದಷ್ಟಿದೆ.

ನಮಗೂ ಈ ಊರಿಗೂ ಏನಾದರೂ ಸಂಬಂಧ ಇದೆಯಾ?

ಇದೆ. ನನ್ನನ್ನು ಮತ್ತೆ ಮತ್ತೆ ಅಲ್ಲಿಗೆ ಎಳೆಯುವುದರಲ್ಲಿ ಇದೂ ಒಂದು.

ವಿಲಿಯಮ್ಸ್‌ಬರ್ಗ್‌ನಿಂದ ಸುಮಾರು 20 ಕಿಲೋಮೀಟರ್ ದೂರದ ಯಾರ್ಕ್‌ಟೌನ್‌ನಲ್ಲಿ 1781ರ ಅಕ್ಟೋಬರ್ 19ರಂದು ಬ್ರಿಟಿಷ್ ಸೈನ್ಯ ಶರಣಾಯಿತು. ಅದರ ಸೇನಾಪತಿ ಲಾರ್ಡ್ ಕಾರ್ನ್‌ವಾಲಿಸ್. ಮೈ ಹುಷಾರಿಲ್ಲ ಅಂತ ಹೇಳಿ, ಶರಣಾಗತಿಗೆ ತನ್ನ ಕೈಕೆಳಗಿನವನನ್ನು ಕಳಿಸಿದ. ಅದೇ ಕಾರ್ನ್‌ವಾಲಿಸ್ ಮುಂದೆ ಭಾರತಕ್ಕೆ ಗವರ್ನರ್ ಜನರಲ್ ಆಗಿ ಬಂದ. 1791ರಲ್ಲಿ ಬೆಂಗಳೂರಿನ ಕೋಟೆ ಹಿಡಿದ. 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ, ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ತೆಗೆದುಕೊಂಡ. ಇಲ್ಲಿ ಸೋತು ಅಲ್ಲಿ ಗೆದ್ದವನು ಒಬ್ಬನೇ. ಯಾರ್ಕ್‌ಟೌನ್ ಬಯಲಿನಲ್ಲಿ ನಿಂತಾಗ ನನಗೆ ಕಾವೇರಿಯ ನಡುಗಡ್ಡೆ ನೆನಪಾಗುತ್ತದೆ.

ಆಗಿನ ಅಮೆರಿಕನ್ನರಿಗೆ ಮೈಸೂರು ಗೊತ್ತಿತ್ತು. ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ಹೈದರಾಲಿಯ ಹೆಸರನ್ನು ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧದ ಹಡಗಿಗೇ ಇಟ್ಟರು, ‘ಹೈದರ್ ಆಲಿ’ ಅಂತ. 1782ರ ಏಪ್ರಿಲ್‌ನಲ್ಲಿ ಆ ಹಡಗು ‘ಜನರಲ್ ಮಾಂಕ್’ ಅನ್ನುವ ಬ್ರಿಟಿಷ್ ಹಡಗನ್ನು ಹಿಡಿಯಿತು.

ಮಾರ್ಗರೆಟ್ ಹಂಟರ್ ಹೆಸರಿನ ಬಟ್ಟೆ ಅಂಗಡಿ ಇದೆ, ಅಲ್ಲಿ ಹೂವಿನ ಅಚ್ಚಿನ ಹತ್ತಿ ಬಟ್ಟೆ ತೋರಿಸಿ ಅದಕ್ಕೆ ಚಿಂಟ್ಸ್ ಅನ್ನುತ್ತಾರೆ. ಭಾರತದ ಕೋರಮಂಡಲ ತೀರದಿಂದ ಹೋದ ಬಟ್ಟೆ ಅದು. ಅಮ್ಮ ನೋಡಿದ ಕೂಡಲೇ ‘ಚೀಟಿ ಬಟ್ಟೆ’ ಅಂದರು. ಎರಡೂ ಒಂದೇ ಮಾತು. ಕ್ಯಾಲಿಕೋ ಅನ್ನುವುದು ಕಲ್ಲಿಕೋಟೆಯಿಂದ ಬಂದ ಹೆಸರು.

ಬಟ್ಟೆಯ ಹಾಗೆ ಮನುಷ್ಯರನ್ನೂ ಒಯ್ದಿದ್ದರು. 1635ರ ವರ್ಜೀನಿಯಾ ದಾಖಲೆಯಲ್ಲಿ ‘ಟೋನಿ, ಈಸ್ಟ್ ಇಂಡಿಯನ್’ ಅಂತ ಒಂದು ಹೆಸರಿದೆ. ವರ್ಜೀನಿಯಾ ಗೆಜೆಟ್‌ನಲ್ಲಿ, ತಪ್ಪಿಸಿಕೊಂಡು ಓಡಿದ ಈಸ್ಟ್ ಇಂಡಿಯನ್ ಆಳುಗಳನ್ನು ಹುಡುಕಿಕೊಡಿ ಅನ್ನುವ ಜಾಹೀರಾತುಗಳೂ ಬಂದಿವೆ. ನಮಗಿಂತ ಎಷ್ಟೋ ಮುಂಚೆ ಈ ಬೀದಿಗಳಿಗೆ ನಮ್ಮ ಕಡೆಯವರು ಬಂದಿದ್ದರು, ತಮ್ಮ ಇಷ್ಟದಿಂದ ಬಂದವರಲ್ಲ. ಅಚ್ಚುಕೂಟದಲ್ಲಿ ಆ ಜಾಹೀರಾತುಗಳ ಬಗ್ಗೆ ಕೇಳಿ.

ಹತ್ತಿರದಲ್ಲಿ ಮತ್ತೇನಿದೆ?

ಜೇಮ್ಸ್‌ಟೌನ್, ಯಾರ್ಕ್‌ಟೌನ್. ಇವೆರಡನ್ನೂ ವಿಲಿಯಮ್ಸ್‌ಬರ್ಗನ್ನೂ ಸೇರಿಸುವ ಕಲೋನಿಯಲ್ ಪಾರ್ಕ್‌ವೇ 23 ಮೈಲಿ ಉದ್ದದ ರಸ್ತೆ, ನದಿ ಕಾಡುಗಳ ನಡುವೆ ಹೋಗುತ್ತದೆ. ಜೇಮ್ಸ್‌ಟೌನ್ 1607ರಲ್ಲಿ ಇಂಗ್ಲಿಷರು ಬಂದಿಳಿದ ಜಾಗ. ಅವರು ಬಂದ ಮೂರು ಹಡಗುಗಳ ಮಾದರಿ ಅಲ್ಲಿ ನೀರಿನ ಮೇಲೇ ನಿಂತಿವೆ, ಹತ್ತಿ ನೋಡಬಹುದು. ಎರಡು ದಿನ ಇದ್ದರೆ ಯಾರ್ಕ್‌ಟೌನ್ ಬಿಡಬೇಡಿ.

ಊರಿನಲ್ಲಿ ಇರುವವರಿಗೆ ಇಂಥದ್ದು ನೋಡಲು ಸಿಗುತ್ತಾ?

ಇಷ್ಟು ದೊಡ್ಡದು, ಇಷ್ಟು ಕೆಲಸಗಾರರಿರುವುದು ಇಲ್ಲ. ರಾಮನಗರದ ಹತ್ತಿರ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೇ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿದ ಹಸ್ತಶಿಲ್ಪ ಇದೆ. ಚೆನ್ನೈ ಹತ್ತಿರದ ದಕ್ಷಿಣಚಿತ್ರದಲ್ಲಿ ಇಳಕಲ್ ನೇಕಾರರ ಮನೆಯನ್ನೂ ಚಿಕ್ಕಮಗಳೂರಿನ ಒಂದು ಮನೆಯನ್ನೂ ತಂದು ನಿಲ್ಲಿಸಿದ್ದಾರೆ. ಮೂರಕ್ಕೂ ಹೋಗಿ ಬನ್ನಿ.

ವಿಲಿಯಮ್ಸ್‌ಬರ್ಗ್‌ನಿಂದ ಬಂದ ಮೇಲೆ ಅಪ್ಪ ಊರಿಗೆ ಫೋನ್ ಮಾಡಿ, ನಮ್ಮೂರಿನ ಹಳೇ ಬಂಡಿಯ ಗಾಲಿಗಳು ಇನ್ನೂ ಹಿತ್ತಲಲ್ಲೇ ಇವೆಯಾ ಅಂತ ಚಿಕ್ಕಪ್ಪನನ್ನು ಕೇಳಿದರು. ಒಂದು ಉಳಿದಿತ್ತು. ಅದನ್ನು ಸೌದೆಗೆ ಹಾಕಬೇಡ ಅಂತ ಹೇಳಿ ಫೋನ್ ಇಟ್ಟರು.